ಲಾರಿಯ ಮುಖಕ್ಕೆ ಕಟ್ಟಿದ ಸೆಹರಾ

ಬಾಬುರಾಯನಕೊಪ್ಪಲು,
ಶ್ರೀರಂಗಪಟ್ಟಣ ತಾಲ್ಲೂಕು
೨೪-೮-೨೦೨೫, ಭಾನುವಾರ

ಪ್ರೀತಿಯ ರಂಜಿತಾ,

ನಿನ್ನ ಮಹೇಕ್ ಮಾಡುವ ಸಲಾಂ. ಕಿಕ್ಕೇರಿಯಲ್ಲಿ ನೀನು, ನಿನ್ನ ಯಜಮಾನರು, ನಿನ್ನ ಅತ್ತೆ ಪುಟ್ಟಗೌರಮ್ಮನವರು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೂ ಸುಖವಾಗಿದ್ದೇವೆ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಅಮ್ಮಿ ಚೆನ್ನಾಗಿದ್ದಾರೆ. ಅಬ್ಬಾನ ವಿಷಯ ಮುಂದೆ ಬರೆಯುತ್ತೇನೆ.

ನಿನ್ನ ಮದುವೆಯಾಗಿ ಮೂರು ತಿಂಗಳಾಯಿತು. ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಆಷಾಢಕ್ಕೆ ಪಾಂಡವಪುರಕ್ಕೆ ತವರಿಗೆ ಬಂದವಳು ನಿಮ್ಮಣ್ಣ ಚಲುವರಾಜು ಅವರ ಕೈಲಿ ಹೇಳಿ ಕಳಿಸಿದೆ. ನನಗೆ ಜ್ವರ ಎಂದು ಅಮ್ಮಿ ಬಾಗಿಲಲ್ಲೇ ಹೇಳಿದರು. ಜ್ವರ ಇರಲಿಲ್ಲ ರಂಜಿ. ಪರದೆಯ ಹಿಂದೆ ನಿಂತಿದ್ದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ನಾನು ಬರಲಿಲ್ಲ. ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಸ್ಪೀಕರ್ ಹಾಕದೆ ಕೇಳಿಸುವುದಿಲ್ಲ, ನಿಮ್ಮ ಮನೆಯಲ್ಲಿ ಎಲ್ಲರಿಗೂ ಕಿವಿ ಇದೆ. ಮೆಸೇಜು ಬರೆದು ನೋಡಿದೆ. ಅದರಲ್ಲಿ ಅಳಿಸುವುದು ಬಹಳ ಸುಲಭ, ನಾಲ್ಕು ಸಲ ಬರೆದು ನಾಲ್ಕು ಸಲವೂ ಅಳಿಸಿದೆ. ಕಾಗದದಲ್ಲಿ ಹೊಡೆದು ಹಾಕಿದರೂ ಗುರುತು ಉಳಿಯುತ್ತದೆ, ಅದಕ್ಕೇ ಕಾಗದ. ನಾವಿಬ್ಬರೂ ಕೊಪ್ಪಲಿನ ಸ್ಕೂಲಿನಲ್ಲಿ ಏಳನೇ ಕ್ಲಾಸು ಮುಗಿಸಿದ ಮೇಲೆ ನಾನು ಇಷ್ಟು ಉದ್ದ ಬರೆದೇ ಇಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ನಿನಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯ ಹೇಳಬೇಕು. ಎರಡು ವರ್ಷದಿಂದ ಅಬ್ಬಾನ ಕೈ ನಡುಗುತ್ತದೆ. ಕಣ್ಣೂ ಮಂಜು. ಬೆಸುಗೆ ಹಾಕಲು ಕೂತರೆ ಸೀಸ ಸಂದಿಗೆ ಇಳಿಯದೆ ಪಕ್ಕಕ್ಕೆ ತೊಟ್ಟಿಕ್ಕುತ್ತದೆ. ಆಗಿನಿಂದ ನಮ್ಮ ಅಂಗಡಿಗೆ ಬಂದ ಪ್ರತಿಯೊಂದು ರೇಡಿಯೇಟರನ್ನೂ ಬಿಚ್ಚಿ, ತೊಳೆದು, ಬೆಸೆದವಳು ನಾನು. ಅಂಗಡಿಯ ಹಿಂದೆ ಪರದೆ, ಪರದೆಯ ಹಿಂದೆ ನಮ್ಮ ಅಂಗಳ, ಅಂಗಳದಲ್ಲಿ ಒಲೆ, ನೀರಿನ ತೊಟ್ಟಿ ಮತ್ತು ನಾನು. ಇಮಾಮ್ ಸಾಬರ ಕೈ ನೋಡಿ ಬರುವ ಗಿರಾಕಿಗಳು ಒಬ್ಬ ಹುಡುಗಿಯ ಕೈ ನಂಬುತ್ತಾರೆಯೇ? ಅದೂ ಅಲ್ಲದೆ ಬೆಂಕಿಯ ಮುಂದೆ ಕೂತು ಕೆಲಸ ಮಾಡುವ ಹುಡುಗಿಗೆ ಸಂಬಂಧ ಯಾರು ತರುತ್ತಾರೆ ಎಂದು ಅಬ್ಬಾನಿಗೆ ಭಯ. ನನಗೋ, ನಾಲ್ಕು ಜನರ ಮುಂದೆ ನಿಲ್ಲುವುದಕ್ಕಿಂತ ಪರದೆಯೇ ಹಿತವಾಗಿತ್ತು.

ಗಿರಾಕಿಯ ಮುಂದೆ ಏನಾದರೂ ತೋಚದಿದ್ದರೆ ಅಬ್ಬಾ ಒಂದು ಲೋಟ ನೀರು ಕುಡಿದು ಬರುತ್ತೇನೆಂದು ಒಳಗೆ ಬರುತ್ತಿದ್ದರು. ನಾನು ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಅವರು ಬಾಯಿ ಒರೆಸಿಕೊಂಡು ಹೊರಗೆ ಹೋಗಿ ಅದನ್ನೇ ಹೇಳುತ್ತಿದ್ದರು. ಬೇಸಿಗೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಮಳೆಗಾಲದಲ್ಲಿ ಪಾಪ, ಸಾಬರಿಗೆ ಸಕ್ಕರೆ ಕಾಯಿಲೆ ಇರಬೇಕು ಎಂದು ಮಾತಾಡಿಕೊಂಡರು.

ಇನ್ನು ನಿಮ್ಮ ಲಾರಿ. ನಿಮ್ಮ ತಾತ ತಮ್ಮಯ್ಯನವರು ನಲವತ್ತು ವರ್ಷ ಕಬ್ಬು, ಬೆಲ್ಲ ಹೊಡೆದ ಆ ಮೂತಿ ಲಾರಿಯಲ್ಲೇ ದಿಬ್ಬಣ ಹೋಗಬೇಕೆಂದು ನೀನೇ ಹಟ ಹಿಡಿದಿದ್ದು. ತಾತ ಅಂಗಡಿಯ ಬೆಂಚಿನ ಮೇಲೆ ಕೂತು ಅದನ್ನು ಎಲ್ಲರಿಗೂ ಹೇಳುತ್ತಿದ್ದರು. "ಕಾರ್‌ನಾಗೆ ಓಗಾದು ಆಸ್ಪತ್ರೆಗೆ ಕಣ್ಲಾ. ದಿಬ್ಬಣ ಅಂದ್ರೆ ಲಾರೀನೇ. ನಮ್ ರಂಜಿತಂಗೆ ಅದು ಗೊತ್ತು, ನಿಂಗೊತ್ತಿಲ್ಲ" ಎಂದು ಚಲುವಣ್ಣನಿಗೆ ಚುಚ್ಚುತ್ತಿದ್ದರು.

ಹದಿನೆಂಟು ವರ್ಷ ನಿಂತ ಲಾರಿ. ಇಂಜಿನ್ನು ಹೇಗೋ ಬದುಕಿತು, ರೇಡಿಯೇಟರು ಸತ್ತಿತ್ತು. ತಾತ ಜೀವಮಾನವೆಲ್ಲ ಅದಕ್ಕೆ ನಾಲೆ ನೀರನ್ನೇ ಕುಡಿಸಿದ್ದರು. ಒಳಗಿನ ಕೊಳವೆಗಳಲ್ಲಿ ಮಣ್ಣು ಗಟ್ಟಿಯಾಗಿ, ಊದಿದರೆ ಗಾಳಿಯೂ ದಾಟುತ್ತಿರಲಿಲ್ಲ. ಮೇಲಿನ ಹಿತ್ತಾಳೆ ತೊಟ್ಟಿ, ಕೆಳಗಿನ ತೊಟ್ಟಿ ಮಾತ್ರ ಗಟ್ಟಿ. ಚಲುವಣ್ಣ ಫೋನು ಹಿಡಿದು ಬಂದಿದ್ದರು. ಅದರಲ್ಲಿ ಯಾವುದೋ ದೇಶದ ಹಳೆಯ ಲಾರಿ, ಅದಕ್ಕೆ ಬೆಳ್ಳಗೆ ಹೊಳೆಯುವ ಅಲ್ಯುಮಿನಿಯಂ ರೇಡಿಯೇಟರು, ಹಿಂದೆ ಕರೆಂಟಿನಲ್ಲಿ ತಿರುಗುವ ಎರಡು ಫ್ಯಾನು. "ಇದ್ನೇ ಹಾಕ್ಬುಡಿ ಸಾಬ್ರೆ. ಹಗೂರ. ಸ್ವಿಚ್ ಹಾಕುದ್ರೆ ಸಾಕು, ಗಾಳಿ" ಎಂದರು. ತಾತ ಆ ಕಡೆ ನೋಡಲೂ ಇಲ್ಲ.

ಅಬ್ಬಾ ನೀರು ಕುಡಿಯಲು ಒಳಗೆ ಬಂದರು.

ನಾನು ಹೇಳಿದ್ದು ಇಷ್ಟು. ಆ ಲಾರಿಯಲ್ಲಿರುವುದು ಹಳೆಯ ಡೈನಮೊ. ಇಂಜಿನ್ನು ನಿಧಾನಕ್ಕೆ ತಿರುಗಿದರೆ ಅದು ಕರೆಂಟು ಹುಟ್ಟಿಸುವುದಿಲ್ಲ. ಎರಡು ಫ್ಯಾನೂ ಬ್ಯಾಟರಿಯನ್ನೇ ತಿನ್ನುತ್ತವೆ. ದಿಬ್ಬಣವೆಂದರೆ ಮನೆಮನೆಗೂ ಆರತಿ, ಊರೂರಿಗೂ ನಿಲ್ಲುವುದು, ಆಳು ನಡೆದಷ್ಟೇ ವೇಗ. ಆದ್ದರಿಂದ ಇಂಜಿನ್ನಿನ ಬೆಲ್ಟಿನಲ್ಲೇ ತಿರುಗುವ ಹಳೆಯ ಬಗೆಯ ಫ್ಯಾನೇ ಇರಲಿ. ಅದರ ಸುತ್ತ ತಗಡಿನ ಬಳೆ ಕಟ್ಟೋಣ, ಇಲ್ಲದಿದ್ದರೆ ಫ್ಯಾನು ನಡುವಿನ ಗಾಳಿಯನ್ನಷ್ಟೇ ಎಳೆದು ನಾಲ್ಕು ಮೂಲೆಯನ್ನೂ ಬಿಡುತ್ತದೆ. ಹಳೆಯ ಹಿತ್ತಾಳೆ ತೊಟ್ಟಿಗಳನ್ನೇ ಉಳಿಸಿಕೊಂಡು ನಡುವೆ ನಾಲ್ಕು ಸಾಲಿನ ತಾಮ್ರದ ಕೊಳವೆಗಳ ಕೋರು ಹಾಕೋಣ, ಆದರೆ ಕೊಳವೆಗಳ ನಡುವಿನ ತಗಡಿನ ರೆಕ್ಕೆಗಳು ಒತ್ತಾಗಿರುವುದು ಬೇಡ. ಒತ್ತಾದರೆ ನೋಡಲು ಚೆಂದ, ಗಾಳಿ ತೂರುವುದಿಲ್ಲ. ನಿಧಾನ ಹೋಗುವ ಗಾಡಿಗೆ ಗಾಳಿ ತಾನಾಗಿ ಬರುವುದಿಲ್ಲ ಅಬ್ಬಾ, ಬರುವ ಒಂದಿಷ್ಟು ಗಾಳಿಗೆ ದಾರಿ ಬಿಡಬೇಕು ಎಂದೆ.

ಈ ಕೊನೆಯ ಮಾತು ನನ್ನದೇ ರಂಜಿ. ನೆನೆಸಿಕೊಂಡರೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ಅಬ್ಬಾ ಹೊರಗೆ ಹೋಗಿ ಅಷ್ಟನ್ನೂ ಒಪ್ಪಿಸಿದರು. ತಾತ ತೊಡೆ ತಟ್ಟಿದ ಸದ್ದು ನನಗೆ ಒಳಗೆ ಕೇಳಿಸಿತು. "ಇಮಾಮು, ಕಣ್ ಮಂಜಾದ್ರೂ ತಲೆ ಮಂಜಾಗಿಲ್ಲ ಕಣ್ಲಾ ನಿಂಗೆ" ಎಂದರು. ಹಳೇದಕ್ಕೆ ಹಳೇದೇ ಹಾಕಿಕೊಳ್ಳಿ ಎಂದು ಚಲುವಣ್ಣ ಗೊಣಗಿದರು.

ಲಾರಿಯ ಸ್ವಂತ ಫ್ಯಾನಿನ ಒಂದು ರೆಕ್ಕೆಯ ಬುಡದಲ್ಲಿ ಬಿರುಕಿತ್ತು. ಮತ್ತೆ ವೆಲ್ಡಿಂಗ್ ಮಾಡಿದರೆ ಓಡುವಾಗ ಕಿತ್ತುಬಂದು ಹೊಸ ಕೋರನ್ನೇ ಸೀಳುತ್ತದೆ. ಅದಕ್ಕೆ ನಾನೂ ಅಬ್ಬಾನೂ ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋದೆವು. ಅಲ್ಲಿ ಹಳೆಯ ಲಾರಿಗಳನ್ನು ಒಡೆದು ಮಾರುವ ಮಂಚಯ್ಯನವರ ಹತ್ತಿರ ಎರಡು ಸಿಕ್ಕವು, ನಾಲ್ಕು ರೆಕ್ಕೆಯದೊಂದು, ಆರು ರೆಕ್ಕೆಯದೊಂದು. ಆರು ರೆಕ್ಕೆಯದು ಇಂಜಿನ್ನಿನ ಶಕ್ತಿಯನ್ನು ಸ್ವಲ್ಪ ತಿನ್ನುತ್ತದೆ, ಆದರೆ ನಿಧಾನಕ್ಕೆ ತಿರುಗಿದರೂ ಚೆನ್ನಾಗಿ ಎಳೆಯುತ್ತದೆ. ನಾನು ಎರಡು ಇಟ್ಟಿಗೆಯ ಮೇಲೆ ಕಬ್ಬಿಣದ ಸಲಾಕೆ ಇಟ್ಟು, ಅದಕ್ಕೆ ಫ್ಯಾನು ಸಿಕ್ಕಿಸಿ, ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಟ್ಟೆ. ಪ್ರತಿಸಲವೂ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ಅದರ ತೂಕ ಸರಿಯಿಲ್ಲ ಎಂದರ್ಥ. ಹತ್ತು ಸಲ ತಿರುಗಿಸಿದೆ. "ಏನ್ ಸಾಬ್ರೆ ನಿಮ್ ಮಗ್ಳು, ಹೆಣ್ ನೋಡಾಕೆ ಬಂದಂಗೆ ನೋಡ್ತಾವ್ಳೆ ಫ್ಯಾನ. ಇನ್ನ ಹಾಡು ಹೇಳ್ಸಾದೊಂದು ಬಾಕಿ" ಎಂದು ಮಂಚಯ್ಯ ನಕ್ಕರು. ನಾನು ನಾಚಿ ಅಬ್ಬಾನ ಹಿಂದೆ ಸರಿದೆ. ಆದರೆ ಆರಿಸಿದ್ದು ಸರಿಯಾಗಿತ್ತು.

ಕೋರು ಬೆಸೆಯಲು ಆರು ದಿನ ಹಿಡಿಯಿತು. ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಅಷ್ಟು ಚೆನ್ನಾದ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಲಾರಿಗೆ ಕೂರಿಸಿ ಒಂದು ಗಂಟೆ ನಿಂತಲ್ಲೇ ಓಡಿಸಿದರು, ಆಮೇಲೆ ಪಾಂಡವಪುರ ಸುತ್ತಿಸಿದರು. ಬಿಸಿ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷವಾಗಿದ್ದರಿಂದ ಅಬ್ಬಾ ರಬ್ಬರ್ ಪೈಪು ಮುಟ್ಟಿ ಮುಟ್ಟಿ ನೋಡಿದರಂತೆ. ಎಲ್ಲ ಸರಿಯಿತ್ತು.

ಕೆಲಸ ಅಲ್ಲಿಗೆ ಮುಗಿಯಿತು. ನಾನು ಸುಮ್ಮನಿರಬೇಕಿತ್ತು.

ನಿನಗೆ ಏನಾದರೂ ಕೊಡಬೇಕೆಂಬ ಆಸೆ ನನಗೆ. ಸೀರೆ ತರುವಷ್ಟು ದುಡ್ಡಿರಲಿಲ್ಲ. ನಮ್ಮಲ್ಲಿ ಮದುವೆಗಂಡಿನ ಹಣೆಗೆ ಹೂವಿನ ಸೆಹರಾ ಕಟ್ಟುತ್ತಾರಲ್ಲ, ಮುಖದ ಮೇಲೆ ಪರದೆಯ ಹಾಗೆ ಇಳಿಬಿಡುತ್ತಾರಲ್ಲ, ಅದನ್ನು ನಿನ್ನ ಲಾರಿಯ ಮೂತಿಗೆ ಕಟ್ಟಬೇಕು ಎನಿಸಿತು. ಅಮ್ಮಿಯೂ ನಾನೂ ಗಂಜಾಂನ ಹೂವಿನ ಅಂಗಡಿಗಳಿಗೆ ವರ್ಷವೆಲ್ಲ ಹೂವು ಕಟ್ಟುವವರು, ಕೈಗೆ ಅಭ್ಯಾಸ. ಶನಿವಾರ ಮಧ್ಯಾಹ್ನ ಶುರು ಮಾಡಿ ಸುಗಂಧರಾಜ, ಸೇವಂತಿಗೆ, ನಡುವೆ ಕೆಂಪು ಗುಲಾಬಿ, ಬಾನೆಟ್ಟಿನ ಅಂಚಿನಿಂದ ಬಂಪರಿನವರೆಗೆ ಇಳಿಯುವ ಹಾಗೆ ಕಟ್ಟಿದೆ. ಮೇ ತಿಂಗಳ ಬಿಸಿಲು. ಕಿಕ್ಕೇರಿ ಮುಟ್ಟುವ ಹೊತ್ತಿಗೆ ಬಾಡಿದರೆ? ಹೂವು ಕಟ್ಟುವವರು ಹೂವನ್ನು ಒದ್ದೆ ಗೋಣಿಯ ಮೇಲೆ ಇಡುತ್ತೇವೆ. ನಾನು ಸೆಹರಾದ ಹಿಂದೆ ಪೂರ್ತಿ ಅಗಲಕ್ಕೆ ಒದ್ದೆ ಗೋಣಿಯನ್ನು ಹೊಲಿದೆ.

ರೇಡಿಯೇಟರಿನ ಮುಖಕ್ಕೆ ಗೋಣಿ. ಯಾರೋ ತಿಳಿಯದವರು ಮಾಡಿದ್ದರೆ ಬೇರೆ ಮಾತು.

ಭಾನುವಾರ ನಿಮ್ಮ ಮನೆಯ ಮುಂದೆ ಅದನ್ನು ಕಟ್ಟುವಾಗ ತಾತ ಒಳಗೆ ಪೇಟ ಸುತ್ತಿಸಿಕೊಳ್ಳುತ್ತಿದ್ದರು. ಅಬ್ಬಾ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ಅವರಿಗೆ ಕಂಡದ್ದು ಬಣ್ಣ ಮಾತ್ರ. ಗಾಳಿಗೆ ಅಡ್ಡವಾಗುವುದಿಲ್ಲವೇ ಬೇಟಿ ಎಂದು ಕೇಳಿದರು. ಹೌದು ರಂಜಿ, ಕೇಳಿದರು. ಹೂವು ಅಬ್ಬಾ, ಹೂವಿನ ಸಂದಿಯಲ್ಲಿ ಗಾಳಿ ಹೋಗುತ್ತದೆ ಎಂದು ನಾನು ಹೇಳಿದೆ. ಸುತ್ತಲೂ ಹೆಂಗಸರು ಎಷ್ಟು ಚೆನ್ನಾಗಿದೆ, ಯಾರು ಕಟ್ಟಿದ್ದು ಎಂದು ಕೇಳುತ್ತಿದ್ದರು. ಜೀವನದಲ್ಲಿ ಮೊದಲ ಸಲ ನನ್ನ ಕೈಕೆಲಸವನ್ನು ಜನ ನನ್ನ ಮುಂದೆಯೇ ಹೊಗಳುತ್ತಿದ್ದರು. ಗೋಣಿ ನನ್ನ ನೆನಪಿನಲ್ಲೇ ಇರಲಿಲ್ಲ. ಎರಡು ವರ್ಷ ನನ್ನ ಮಾತು ನಂಬಿದ ಅಬ್ಬಾ ಆವತ್ತೂ ನಂಬಿದರು.

ಮುಂದಿನದು ನಿನಗೆ ಗೊತ್ತು, ಆದರೆ ಪೂರ್ತಿ ಗೊತ್ತಿಲ್ಲ. ಒಂದೂವರೆಗೆ ಹೊರಟೆವು. ಲಾರಿ ಹೊಡೆಯುತ್ತಿದ್ದ ತಾತನ ಪಕ್ಕ ನೀನು ಮುಂದೆ ಕೂತಿದ್ದೆ. ಅಬ್ಬಾ ನೀರಿನ ಕ್ಯಾನು ಇಟ್ಟುಕೊಂಡು, ನಾನು ಹೆಂಗಸರ ನಡುವೆ, ಎಲ್ಲ ಹಿಂದೆ. ಕೆ.ಆರ್. ಪೇಟೆ ಇನ್ನೂ ದೂರವಿರುವಾಗಲೇ ಆ ಏರಿನಲ್ಲಿ ಲಾರಿ ಬುಸುಗುಟ್ಟಿ ನಿಂತಿತು. ತಾತ ಇಳಿಯುವ ಮೊದಲೇ ಅಬ್ಬಾ ಹಿಂದಿನಿಂದ ಹಾರಿ ಓಡಿದರು. ಅವರು ಮೊದಲು ಮುಟ್ಟಿದ್ದು ಬಾನೆಟ್ಟನ್ನಲ್ಲ, ಸೆಹರಾವನ್ನು. ಗೋಣಿ ಅಷ್ಟು ಹೊತ್ತಿಗೆ ಒಣಗಿ ಹಲಗೆಯ ಹಾಗಾಗಿತ್ತು. ಕೈಗೆ ಸಿಕ್ಕಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಹಗ್ಗ ಹರಿದು, ಹೂವು ಒಳಗಾಗಿ ಸುತ್ತಿ, ತಮ್ಮ ಚೀಲಕ್ಕೆ ತುರುಕಿದರು. ಆಮೇಲೆ ಬಾನೆಟ್ಟು ಎತ್ತಿದರು. ಅದಕ್ಕೇ ನಿನಗೆ ಏನೂ ಕಾಣಲಿಲ್ಲ. ಮುಚ್ಚಳ ತೆಗೆಯುವಾಗ ಕುದಿನೀರು ಹಾರಿ ಅವರ ಮಣಿಕಟ್ಟು ಬೆಂದಿತು. ಅದನ್ನು ನಾನು ಕಂಡದ್ದು ಮೂರು ದಿನದ ಮೇಲೆ.

ತಾತ ಬಯ್ದದ್ದು ನಿನಗೂ ಕೇಳಿಸಿರಬೇಕು. "ಕೈ ನಡುಗ್ತದೆ ಅಂತ ನಂಗೊತ್ತಿತ್ತು ಕಣೋ ಇಮಾಮು. ಆಗಾಕಿಲ್ಲ ಅಂದಿದ್ರೆ ನಾನೇನ್ ಬ್ಯಾರೆ ಕಡೆ ಮಾಡಿಸ್ಕತಿರ್ಲಿಲ್ವಾ? ಮೊಮ್ಮಗ್ಳ ದಿಬ್ಬಣ ನಡುದಾರೀಲಿ ನಿಲ್ಲಿಸ್ಬುಟ್ಟೆಯಲ್ಲೊ" ಎಂದರು. ಅಬ್ಬಾ ತಲೆ ತಗ್ಗಿಸಿ, "ನಂದೇ ತಪ್ಪು ಗೌಡ್ರೆ. ಕೈ ಮೊದ್ಲಿನಂಗಿಲ್ಲ" ಎಂದರು. ನಾನು ಲಾರಿಯ ಹಿಂದಿನ ಹಲಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ತಣ್ಣಗಾಗಲು ಒಂದೂವರೆ ಗಂಟೆ. ನೀರು ತುಂಬಿ ಹೊರಟ ಮೇಲೆ ಅದೇ ರೇಡಿಯೇಟರು, ಅದೇ ಫ್ಯಾನು, ಎರಡು ಏರು ಹತ್ತಿಯೂ ಒಂದು ಹನಿ ಚೆಲ್ಲದೆ ಕಿಕ್ಕೇರಿ ಮುಟ್ಟಿತು. ಅದು ಹೇಗೆ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ನಾಲ್ಕೂವರೆ ದಾಟಿತ್ತು. ರಾಹುಕಾಲದಲ್ಲಿ ಹೆಣ್ಣನ್ನು ಒಳಗೆ ಕರೆಯುವುದಿಲ್ಲವೆಂದು ನಿನ್ನನ್ನು ಆರು ಗಂಟೆಯವರೆಗೆ ಹಾಲಿನ ಡೇರಿಯ ಜಗಲಿಯ ಮೇಲೆ ಕೂರಿಸಿದರು. ಬಾಸಿಂಗ ಕಟ್ಟಬೇಕಾದ ಹಣೆಯಲ್ಲಿ ಬೆವರು. ಹಾಲು ಹಾಕಲು ಬಂದವರೆಲ್ಲ ನಿಂತು ನೋಡಿಕೊಂಡು ಹೋದರು. ನೀನು ಅಳಲಿಲ್ಲ. ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದೆ. ಅದನ್ನು ನೋಡಿದ ಮೇಲೆ ನಿನ್ನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಅದಾದ ಮೇಲೆ ಇಮಾಮನ ಕೈ ಹೋಯಿತು ಎಂಬ ಮಾತು ಪಾಂಡವಪುರದ ಲಾರಿಯವರಲ್ಲೆಲ್ಲ ಹಬ್ಬಿತು. ತಾತ ಹೇಳಿದರೆ ಯಾರು ಇಲ್ಲವೆನ್ನುತ್ತಾರೆ? ಚಲುವಣ್ಣ ನಮ್ಮ ರೇಡಿಯೇಟರು ಬಿಚ್ಚಿ ತಂದು ಅಂಗಡಿಯ ಮುಂದೆ ಇಳಿಸಿ, ಅಲ್ಯುಮಿನಿಯಂ ಹಾಕಿಸಿಕೊಂಡರು. ಜೂನ್ ಕಳೆದ ಮೇಲೆ ನಮ್ಮಲ್ಲಿಗೆ ಒಂದು ಗಾಡಿಯೂ ಬಂದಿಲ್ಲ. ಅಬ್ಬಾ ಈಗ ಅಂಗಡಿ ತೆರೆಯುವುದಿಲ್ಲ. ಅಂಗಳದಲ್ಲಿ ನಮ್ಮ ಜೊತೆ ಕೂತು ಹೂವು ಕಟ್ಟುತ್ತಾರೆ. ನಡುಗುವ ಕೈ. ಗಂಟು ಬಿದ್ದದ್ದು ಬಿಚ್ಚಿಕೊಳ್ಳುತ್ತದೆ. ಅವರು ಕಟ್ಟಿದ್ದನ್ನು ಅಮ್ಮಿ ಅವರಿಗೆ ಕಾಣದ ಹಾಗೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಬುಧವಾರ ಮೈಸೂರು ರಸ್ತೆಯ ಇಸ್ರಾರ್ ಎಂಬವರು ಬಂದು ಒಲೆ, ತೊಟ್ಟಿ, ಸಾಮಾನುಗಳನ್ನೆಲ್ಲ ತೆಗೆದುಕೊಂಡು ಹೋಗುವುದೆಂದು ಮಾತಾಗಿದೆ.

ನೀನು ಕೇಳಬಹುದು, ಸತ್ಯ ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು. ಗೋಣಿ ನನ್ನದು ಎಂದರೆ, ರೇಡಿಯೇಟರು ಸರಿಯಿತ್ತು ಎಂದಾಗುತ್ತದೆ. ಸರಿಯಿದ್ದ ಆ ರೇಡಿಯೇಟರು ಯಾರ ಕೈಯದು ಎಂದರೆ? ಅಬ್ಬಾನದು ಎಂದು ಇನ್ನೊಂದು ಸುಳ್ಳು ಹೇಳಬೇಕು. ಇಲ್ಲವೇ ಅವರ ಎರಡು ವರ್ಷವನ್ನು ಎಲ್ಲರ ಮುಂದೆ ಬಿಚ್ಚಿಡಬೇಕು. ಇದನ್ನು ಯೋಚಿಸುತ್ತ ಮೂರು ತಿಂಗಳು ಕಳೆದೆ ಎಂದು ಬರೆದರೆ ಬಹಳ ಒಳ್ಳೆಯವಳ ಹಾಗೆ ಕಾಣುತ್ತದೆ. ನಿಜವಾಗಿ ನನಗೆ ಹೆದರಿಕೆ, ಅಷ್ಟೇ.

ಗೌರಿ ಹಬ್ಬದ ಹೂವಿಗೆ ಗಂಜಾಂನಿಂದ ಆಳು ಬಂದಿದ್ದಾನೆ. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಸೋಮವಾರ

ರಂಜಿ, ಇವತ್ತು ಬೆಳಗ್ಗೆ ನಿಮ್ಮ ಪಾಂಡವಪುರದ ಮನೆಗೆ ಹೋಗಿ ಬಂದೆ.

ನಿನ್ನೆ ಬರೆದದ್ದನ್ನು ಓದಿದೆ. ನಿನಗೆ ಕಳಿಸಿದರೆ ನೀನು ತಾತನಿಗೆ ಹೇಳುತ್ತೀಯೆ, ನನ್ನ ಕೆಲಸ ನೀನು ಮಾಡಿದ ಹಾಗಾಗುತ್ತದೆ. ಮತ್ತೆ ಪರದೆಯ ಹಿಂದೆ ನಿಂತು ಇನ್ನೊಬ್ಬರ ಬಾಯಲ್ಲಿ ಹೇಳಿಸಿದ ಹಾಗೆ. ಅದಕ್ಕೇ ಬಸ್ಸು ಹತ್ತಿದೆ. ಎರಡು ಸಲ ನಿಮ್ಮ ಬೀದಿಯ ತುದಿಯವರೆಗೆ ಹೋಗಿ ಹಿಂದಕ್ಕೆ ಬಂದೆ. ಮೂರನೇ ಸಲ ಚಲುವಣ್ಣನೇ ನೋಡಿದರು. ಅವರು ಲಾರಿಯನ್ನು ತಳ್ಳಿಸಲು ಜನ ಹುಡುಕುತ್ತಿದ್ದರು. ಆ ಕರೆಂಟು ಫ್ಯಾನು ಹಾಕಿದ ಮೇಲೆ ನಿಧಾನಕ್ಕೆ ಹೋದರೆ ಬ್ಯಾಟರಿ ಇಳಿದುಬಿಡುತ್ತದಂತೆ.

ತಾತ ಜಗಲಿಯಲ್ಲಿದ್ದರು. ನಾನು ನೆಲ ನೋಡಿಕೊಂಡು ಎಲ್ಲ ಹೇಳಿದೆ, ಗೋಣಿ, ಬೆಸುಗೆ, ಪರದೆ, ಲೋಟದ ನೀರು. ಕೆಲವು ಮಾತು ಎರಡೆರಡು ಸಲ ಹೇಳಬೇಕಾಯಿತು. ಅವರು ಒಂದೊಂದಾಗಿ ಕೇಳಿದರು.

"ಹೂವಿನ್ ಹಿಂದೆ ಗೋಣಿ ಇತ್ತಾ?"

"ಇತ್ತು ತಾತ."

"ಬೆಸುಗೆ?"

"ನಂದೇ."

"ಫ್ಯಾನು ಆರ್ಸಿದ್ದೂ ನೀನೇಯಾ?"

ಹೂಂ ಎಂದೆ.

"ಅಂಗಾರೆ ಎಲ್ಡ್ ವರ್ಷದಿಂದ ನಂಗೆ ಸುಳ್ ಹೇಳವ್ನೆ ನಿಮ್ಮಪ್ಪ." ಮತ್ತೆ, "ನಾನು ಅವನ್ ಕೈಗೆ ಬಯ್ದೆ. ಆ ಕೈ ಅದ್ನ ಮಾಡೇ ಇಲ್ಲ. ಈಗ ಬಯ್ದಿದ್ನ ಎಲ್ಲಿಗ್ ತಕೊಂಡೋಗ್ಲಿ ನಾನು?" ಎಂದರು.

ಚಲುವಣ್ಣ ಏನೋ ಹೇಳಲು ಬಂದರು. "ನೀ ಸುಮ್ಕಿರ್ಲಾ. ಮೊದ್ಲು ಓಗಿ ಲಾರಿ ತಳ್ಳು" ಎಂದರು ತಾತ. ನನ್ನ ಕಡೆ ತಿರುಗಿ ನಾಳಿದ್ದು, ಬುಧವಾರ, ರೇಡಿಯೇಟರು ತಂದು ಕೂರಿಸಬೇಕು, ತಾವು ಜನರನ್ನು ಕರೆಸಿ ಎಲ್ಲರ ಮುಂದೆ ಓಡಿಸಿ ನೋಡುತ್ತೇವೆ ಎಂದರು. "ನೀನೇ ಕೂರಿಸ್ಬೇಕು. ಇಮಾಮನ್ನೂ ಕರ್ಕಂಡ್ ಬಾ. ಬರಾಕಿಲ್ಲ ಅಂದ್ರೆ ನಾನೇ ಬತ್ತೀನಿ ಅನ್ನು."

ಮನೆಗೆ ಬಂದು ಅಬ್ಬಾನಿಗೆ ಹೇಳಿದೆ. ಅವರು ಹೂವಿನ ಮುಂದೆ ಕೂತಿದ್ದರು. ನಮ್ಮ ಮಾತಿನಲ್ಲಿ ಆಡಿದ್ದನ್ನು ನಿನಗಾಗಿ ಕನ್ನಡದಲ್ಲಿ ಬರೆಯುತ್ತೇನೆ. ಬೆಸುಗೆ ನಿನ್ನದು ಎಂದೂ ಹೇಳಿದೆಯಾ ಎಂದು ಕೇಳಿದರು. ಹೇಳಿದೆ ಎಂದೆ. ದಾರ ಕೈಯಿಂದ ಜಾರಿತು. ಅದೊಂದನ್ನು ಬಿಡಬಹುದಿತ್ತು ಬೇಟಿ ಎಂದರು. ಅಷ್ಟೇ. ನಾನು ಅವರ ತಪ್ಪನ್ನು ಕಳೆದು ಅವರ ಕೈಯನ್ನೂ ಕಳೆದುಬಿಟ್ಟೆ.

ಅಮ್ಮಿ ಸುಮ್ಮನಿರಲಿಲ್ಲ. ಬಿಟ್ಟಿದ್ದರೆ ಏನು ಮಾಡುತ್ತಿದ್ದಿರಿ, ಜೀವನಪೂರ್ತಿ ಹೂವು ಕಟ್ಟುತ್ತಿದ್ದಿರಾ, ನೀವು ಕಟ್ಟಿದ ಒಂದು ಮಾರು ಹೂವು ಗುಡಿಯ ಮೆಟ್ಟಿಲು ಹತ್ತುವುದರೊಳಗೆ ಬಿಚ್ಚಿಹೋಗುತ್ತದೆ ಎಂದರು. ಅಬ್ಬಾನಿಗೆ ಅದು ಗೊತ್ತಿರಲಿಲ್ಲ. ಅಮ್ಮಿಯ ಮುಖ ನೋಡಿದರು, ತಾವು ಕಟ್ಟಿದ ಹೂವು ನೋಡಿದರು. ನಗಬೇಕೋ ಬೇಡವೋ ಎಂಬಂತೆ ಕೂತಿದ್ದು ಕೊನೆಗೆ ಎದ್ದು ಹೋಗಿ ತೊಟ್ಟಿಯ ಮೇಲಿನ ಹಲಗೆ ಸರಿಸಿದರು. ಇಸ್ರಾರ್‌ಗೆ ಬುಧವಾರ ಬರುವುದು ಬೇಡವೆಂದು ಫೋನ್ ಮಾಡಲು ಹೇಳಿದರು. ಆದರೆ ನಿಮ್ಮ ಮನೆಗೆ ಬರುತ್ತೇನೆಂದು ಇನ್ನೂ ಹೇಳಿಲ್ಲ. ಬರುತ್ತಾರೋ ಇಲ್ಲವೋ ನನಗೆ ತಿಳಿಯದು. ಬಾರದಿದ್ದರೂ ನಾನು ಹೋಗುತ್ತೇನೆ. ಇನ್ನು ಮೇಲೆ ಬೆಸುಗೆಯನ್ನು ಅಂಗಡಿಯ ಮುಂದೆಯೇ ಹಾಕುತ್ತೇನೆ, ಪರದೆ ಬಿಚ್ಚಿ ಅಮ್ಮಿಗೆ ಒಗೆಯಲು ಕೊಟ್ಟಿದ್ದೇನೆ.

ನಾಳೆ ಗೌರಿ ಹಬ್ಬಕ್ಕೆ ನಿನಗೆ ಬಾಗಿನ ತರುವ ಚಲುವಣ್ಣನ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ. ಅಂಟು ಹಾಕಿದ್ದೇನೆ, ಆದರೂ ಅವರಿಗೆ ಅರ್ಧ ಗೊತ್ತು. ನಿನ್ನನ್ನು ಆ ಜಗಲಿಯ ಮೇಲೆ ಕೂರಿಸಿದವಳು ನಾನು. ಬೇಕಾದರೆ ಬಯ್ಯಿ, ಫೋನ್ ಮಾಡಿ ಬಯ್ಯಿ, ಸ್ಪೀಕರ್ ಹಾಕಿಯೇ ಬಯ್ಯಿ, ಈ ಸಲ ಎತ್ತುತ್ತೇನೆ. ನಿನ್ನ ಅರಿಶಿನ ಕುಂಕುಮ ನೂರು ವರ್ಷ ತಂಪಾಗಿರಲಿ, ನಿನ್ನ ಮಡಿಲು ತುಂಬಲಿ. ನಮ್ಮ ಅಲ್ಲಾ, ನಿಮ್ಮ ಗೌರಮ್ಮ ಇಬ್ಬರೂ ನಿನ್ನನ್ನು ಕಾಯಲಿ.

ಇಂತಿ ನಿನ್ನ,
ಮಹೇಕ್

ಮರೆತು ಬಿಟ್ಟದ್ದು:

ಮರೆತದ್ದಲ್ಲ. ತಾತನಿಗೂ ಹೇಳಲಿಲ್ಲ, ಅಮ್ಮಿಗೂ ಗೊತ್ತಿಲ್ಲ. ಕಿಕ್ಕೇರಿಯಲ್ಲಿ ನೀನು ಜಗಲಿಯ ಮೇಲಿದ್ದಾಗ ನಿನ್ನ ಅತ್ತೆ ಲಾರಿಯ ಹತ್ತಿರ ಬಂದರು. ರೇಡಿಯೇಟರು ಮಾಡಿದ ಸಾಬರು ಇವರೇ ಎಂದು ಯಾರೋ ಅಬ್ಬಾನನ್ನು ತೋರಿಸಿದರು. ನಿನ್ನ ಅತ್ತೆ ನಾಲ್ಕು ಮಾತು ಬಯ್ದರು, ಬಯ್ಯುವಂಥದ್ದೇ. ಆಮೇಲೆ ನನ್ನ ದುಪಟ್ಟಾ ನೋಡಿ, "ನೀನೂ ಇವ್ರ ಕಡೆಯೋಳೇನವ್ವ?" ಎಂದು ಕೇಳಿದರು. ನಾನು, "ಅಲ್ಲ. ರಂಜಿತನ ಜೊತೆ ಓದಿದೋಳು. ಹೂವ ತಂದಿದ್ದೆ" ಎಂದೆ. ಅಬ್ಬಾ ಎರಡು ಮಾರು ದೂರದಲ್ಲಿದ್ದರು. ಆ ಹೂವು ಅವರ ಕಂಕುಳಲ್ಲಿದ್ದ ಚೀಲದಲ್ಲಿತ್ತು.

ಅಬ್ಬಾ ಊಟಕ್ಕೆ ನಿಲ್ಲಲಿಲ್ಲ. ನನ್ನ ಮಾತು ಸುಳ್ಳಾಗದಿರಲಿ ಎಂದು ನನ್ನ ಕಡೆ ತಿರುಗಿಯೂ ನೋಡದೆ, ಬೆಂದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬರೇ ಬಸ್ಸು ಹತ್ತಿದರು. ಮಾರನೆಯ ದಿನ ನಾನು ಮನೆಗೆ ಬಂದಾಗ ಊಟ ಚೆನ್ನಾಗಿತ್ತಾ ಎಂದಷ್ಟೇ ಕೇಳಿದರು. ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ನನಗೂ ಎತ್ತಲು ಆಗಿಲ್ಲ.

ರಂಜಿ, ಈ ಕಾಗದ ಓದಿದ ಮೇಲೆ ಒಂದು ಕೆಲಸ ಮಾಡು. ಹೂವು ತಂದಿದ್ದ ಆ ಹುಡುಗಿ ಇಮಾಮ್ ಸಾಬರ ಮಗಳು ಎಂದು ನಿನ್ನ ಅತ್ತೆಗೆ ಹೇಳು.